ಹಾಲ್ವರ್ ಟ್ವೀಟನ್‌ನ ನಪಾಸು

ಅಮೆರಿಕದ ಅಯೋವಾ ಸೀಮೆಯ ಎಲ್ಡರ್‌ಫೋರ್ಕ್ ಕಾಲೇಜು ೧೯೨೪ರ ಫುಟ್‌ಬಾಲ್ ಋತುವಿನಲ್ಲಿ ಎಂಟು ಪಂದ್ಯ ಆಡಿ, ಎಂಟನ್ನೂ ಸೋತು, ಇಡೀ ವಲಯದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡವೆಂಬ ಗೌರವ ಪಡೆಯಿತು. ಇದನ್ನು ನನಗೆ ಮೊದಲು ಹೇಳಿದವರು ಚರ್ಚಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ವರ್ನಾ ಶೆಲ್ಬಿ. ಇದರಲ್ಲಿ ನಗುವಂಥದ್ದು ಏನಿದೆಯೆಂದು ಆಕೆಗೆ ಕೊನೆಗೂ ತಿಳಿಯಲಿಲ್ಲ.

ಮೊದಲ ಪಂದ್ಯದ ಸೋಲು ಎಪ್ಪತ್ನಾಲ್ಕು–ಸೊನ್ನೆ. ಸೋಮವಾರ ಡೀನ್ ಕಾಲೇಜಿನ ಅಧ್ಯಕ್ಷ ಡಾ. ವಿಟ್‌ಕಂಬ್ ಅವರ ಕೋಣೆಗೆ ಬಂದರು.

"ಸರ್, ನಮ್ಮ ಹಾಲ್ವರ್ ಟ್ವೀಟನ್ ಲ್ಯಾಟಿನ್‌ನಲ್ಲಿ ನಪಾಸಾಗಿದ್ದ. ನಪಾಸಾದವನು ಆಡೋ ಹಾಗಿಲ್ಲ. ಯಾರೂ ನೋಡಿರ್ಲಿಲ್ಲ. ಪಂದ್ಯ ಎದುರಾಳಿಗಳಿಗೆ ಹೋಗುತ್ತೆ."

"ಆಗ್ಲೇ ಹೋಗಿದೆಯಲ್ರೀ."

"ಈಗ ನಿಯಮದ ಪ್ರಕಾರ ಒಂದು–ಸೊನ್ನೆ ಅಂತ ಬರೀತಾರೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಮಿಕ್ಕ ಎಪ್ಪತ್ಮೂರು?"

"ದಾಖಲೆಯಲ್ಲಿ ಇರಲ್ಲ."

"ಹುಡುಗ ಮುಂದಿನ ಶನಿವಾರ ಆಡ್ತಾನಾ?"

"ಆಡಬಾರ್ದು ಸರ್."

"ನಾನು ಕೇಳಿದ್ದು ಅದಲ್ಲ."

ಅಂದು ಸಂಜೆ ಹನ್ನೊಂದನೇ ಸುತ್ತೋಲೆ ಹೊರಟಿತು: 'ಕಾಲೇಜಿನ ಗೌರವದ ದೃಷ್ಟಿಯಿಂದ ಶ್ರೀ ಟ್ವೀಟನ್ ಇವರು ಪ್ರತಿ ಶನಿವಾರ ಕಣಕ್ಕಿಳಿಯತಕ್ಕದ್ದು. ಪ್ರತಿ ಸೋಮವಾರ ಅವರ ಅನರ್ಹತೆ ಬೆಳಕಿಗೆ ಬಂದು ಕಾಲೇಜು ಆಘಾತ ವ್ಯಕ್ತಪಡಿಸತಕ್ಕದ್ದು. ಆಘಾತದ ಮಾದರಿ ಪತ್ರ ಲಗತ್ತಿಸಿದೆ.' ಗೆದ್ದವರಿಗೆ ಗೆಲುವು ಹೇಗೂ ಇತ್ತು. ಅವರೂ ತಕರಾರು ತೆಗೆಯಲಿಲ್ಲ.

ತಕರಾರು ಇದ್ದದ್ದು ಹಾಲ್ವರನಿಗೆ. ಉಳಿದೆಲ್ಲ ವಿಷಯಗಳಲ್ಲಿ ಅವನು ಪಾಸಾಗಿದ್ದ. ಲ್ಯಾಟಿನ್ ಒಂದು ದಾಟಿದರೆ ಪದವಿ, ಪದವಿಯಾದರೆ ಮೇಷ್ಟ್ರ ಕೆಲಸ, ಕೆಲಸವಾದರೆ ಇಂಗಾಳೊಂದಿಗೆ ಮದುವೆ. "ಕೆಲಸ ಹಿಡ್ಕೊಂಡು ಬಾ. ಇಲ್ಲಾಂದ್ರೆ ನಮ್ಮಪ್ಪನ ಹಂದಿಗಳ ಜೊತೆ ಇರು, ಅವಕ್ಕೂ ನೀನಂದ್ರೆ ಇಷ್ಟ" ಎಂದು ಅವಳು ಹೇಳಿಯಾಗಿತ್ತು.

ಹಾಲ್ವರ್ ಓದತೊಡಗಿದ. ಹಾಲು ಕರೆಯುವಾಗ ಹಸುಗಳಿಗೆ ಕ್ರಿಯಾಪದಗಳನ್ನು ಒಪ್ಪಿಸಿದ. ಅಕ್ಟೋಬರ್‌ನ ಮರುಪರೀಕ್ಷೆಯಲ್ಲಿ ಅವನಿಗೆ ತೊಂಬತ್ತೊಂದು ಬಂತು. ಹತ್ತೊಂಬತ್ತು ವರ್ಷಗಳಲ್ಲಿ ಯಾರಿಗೂ ಎಪ್ಪತ್ತು ದಾಟಿಸದ ಲ್ಯಾಟಿನ್ ಅಧ್ಯಾಪಕಿ ಮಿಸ್ ಪೆಲ್ ಉತ್ತರಪತ್ರಿಕೆ ಹಿಡಿದು ಅಧ್ಯಕ್ಷರ ಬಳಿ ಬಂದರು.

"ಇದು ಯಾರ ತಪ್ಪು?" ಅಧ್ಯಕ್ಷರು ಕೇಳಿದರು.

"ಅವನದೇ. ಓದಿದ್ದಾನೆ."

"ಇನ್ನೂ ನಾಲ್ಕು ಪಂದ್ಯ ಇವೆ, ಮಿಸ್ ಪೆಲ್."

ಸಮಿತಿ ಸೇರಿ, ತೇರ್ಗಡೆಯ ಕನಿಷ್ಠ ಅಂಕವನ್ನು ತೊಂಬತ್ತೆರಡಕ್ಕೆ ಏರಿಸಿತು. ತಿದ್ದುಪಡಿ ಟ್ವೀಟನ್ ವಂಶದವರಿಗೆ ಮಾತ್ರ ಅನ್ವಯ. ಅವನು ತೊಂಬತ್ತೆಂಟು ತೆಗೆದ. ಕನಿಷ್ಠ ಅಂಕ ತೊಂಬತ್ತೊಂಬತ್ತಾಯಿತು.

"ನೂರು ತಗೊಂಡ್ರೆ?" ಹಾಲ್ವರ್ ನೇರವಾಗಿ ಕೇಳಿದ.

"ತಗೋಪ್ಪಾ," ಅಧ್ಯಕ್ಷರು ವಾತ್ಸಲ್ಯದಿಂದ ಹೇಳಿದರು. "ನಿಯಮ ನಿನಗಿಂತ ಒಂದು ಹೆಜ್ಜೆ ಮುಂದೇ ಇರುತ್ತೆ."

ಮಿಸ್ ಪೆಲ್ ರಾಜೀನಾಮೆ ಕೊಟ್ಟರು. ಕಾರಣವೆಂದು ಬರೆದದ್ದು ಒಂದೇ ಸಾಲು: 'ಆ ಹುಡುಗನಿಗೆ ಕಲಿಸಲು ನನ್ನಲ್ಲಿ ಏನೂ ಉಳಿದಿಲ್ಲ.' ಊರಿನಲ್ಲಿ ಲ್ಯಾಟಿನ್ ಬಲ್ಲ ಇನ್ನೊಬ್ಬ ವ್ಯಕ್ತಿ ಹಾಲ್ವರ್ ಒಬ್ಬನೇ. ಆದ್ದರಿಂದ ಅವನನ್ನೇ ಆ ಹುದ್ದೆಗೆ ನೇಮಿಸಲಾಯಿತು. ಷರತ್ತು ಒಂದೇ: ಅವನು ಲ್ಯಾಟಿನ್ ತರಗತಿಯ ವಿದ್ಯಾರ್ಥಿಯಾಗಿಯೂ ಮುಂದುವರಿಯಬೇಕು, ಶನಿವಾರ ಆಡಬೇಕು.

ಹಾಲ್ವರ್ ಆದೇಶ ಹಿಡಿದು ಇಂಗಾಳ ಮನೆಗೆ ಹೋದ. ಅವಳು ಎರಡು ಸಲ ಓದಿದಳು.

"ನಿನ್ನ ಪೇಪರ್ ತಿದ್ದೋರು ಯಾರು?"

"ನಾನೇ."

"ಪಾಸ್ ಮಾಡ್ಕೋ ಮತ್ತೆ."

"ಪಾಸಾದ್ರೆ ಅನರ್ಹತೆ ಹೋಗುತ್ತೆ. ಅದು ಹೋದ್ರೆ ಕೆಲಸಾನೂ ಹೋಗುತ್ತೆ."

ಇಂಗಾ ಏಪ್ರನ್‌ಗೆ ಕೈ ಒರೆಸಿಕೊಂಡು ಯೋಚಿಸಿದಳು. "ಫೇಲಾಗು," ಎಂದಳು. "ಆದ್ರೆ ಅಚ್ಚುಕಟ್ಟಾಗಿ ಆಗು. ಅಪ್ಪ ಮಾರ್ಕ್ಸ್ ಕಾರ್ಡ್ ಕೇಳ್ತಾರೆ."

ಹಾಲ್ವರ್ ತನಗೆ ಮೂವತ್ನಾಲ್ಕು ಅಂಕ ಕೊಟ್ಟುಕೊಂಡು, ಅಂಚಿನಲ್ಲಿ ಕೆಂಪು ಶಾಯಿಯಿಂದ 'ಪರಿಶ್ರಮ ಸಾಲದು' ಎಂದು ಬರೆದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಮದುವೆಯಾಯಿತು. ಮಾವ ಅಂಕಪಟ್ಟಿಗೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಮುಂದೆ ಹನ್ನೊಂದು ವರ್ಷ ಹಾಲ್ವರ್ ಲ್ಯಾಟಿನ್ ಕಲಿಸಿದ, ಶನಿವಾರ ಆಡಿದ, ವರ್ಷಕ್ಕೆರಡು ಸಲ ತನ್ನನ್ನು ನಪಾಸು ಮಾಡಿಕೊಂಡ. ತನ್ನ ವಿಷಯದಲ್ಲೂ ಪಕ್ಷಪಾತ ಮಾಡದ ಮೇಷ್ಟ್ರೆಂದು ಊರವರು ಇಂದಿಗೂ ಅವನನ್ನು ನೆನೆಯುತ್ತಾರೆ.

"ಇಂಥವರ ಕತೆ ನಾಲ್ಕು ಜನಕ್ಕೆ ಗೊತ್ತಾಗ್ಬೇಕಮ್ಮ," ಎಂದರು ವರ್ನಾ. "ಓದೋ ಮಕ್ಕಳಿರೋ ಮನೆಗೆ ಹೋದಾಗ ತಪ್ಪದೆ ಹೇಳು."