ಅರಿಶಿಣ ಹಚ್ಚಿದ ಅರ್ಜಿ

ನನಗೆ ಅಂಜಿಕೆ ಕಡಿಮೆ ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ಅವರಲ್ಲಿ ಕೆಲವರು ಅದನ್ನು ಹೊಗಳಿಕೆಯಾಗಿಯೂ ಹೇಳುತ್ತಾರೆ. ನಲ್ಲಿಯಲ್ಲಿ ನೀರು ಬಾರದ ದಿನ ಪುರಸಭೆಯ ಸದಸ್ಯರೊಬ್ಬರ ಮನೆಯ ಜಗಲಿಯ ಮೇಲೆ ಖಾಲಿ ಕೊಡದೊಂದಿಗೆ ಕುಳಿತವಳು ನಾನು. ರೈಲು ತಡವಾಗಿ ಬಂದಾಗ ಸ್ಟೇಷನ್ ಮಾಸ್ತರರಿಂದ ಲಿಖಿತ ವಿವರಣೆ ಕೇಳಿದವಳೂ ನಾನೇ. ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುತ್ತಿದ್ದಾಗ ಗ್ರಂಥಾಲಯದವರು ನನ್ನನ್ನು ದೂರದಲ್ಲಿ ಕಂಡೊಡನೆ, ನಾನು ಕೇಳುವ ಪುಸ್ತಕವನ್ನಲ್ಲ, ಅದು ಇಲ್ಲದಿರುವುದಕ್ಕೆ ಕಾರಣವನ್ನು ಹುಡುಕತೊಡಗುತ್ತಿದ್ದರು. ಪ್ರಜಾಪ್ರಭುತ್ವದಲ್ಲಿ ಪ್ರತಿ ತಪ್ಪಿಗೂ ಒಬ್ಬ ಹೊಣೆಗಾರನಿರಬೇಕು, ಅವನಿಗೊಂದು ಹೆಸರಿರಬೇಕು, ಆ ಹೆಸರು ಎಲ್ಲರಿಗೂ ಗೊತ್ತಾಗಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಇಂಥ ನನಗೂ ಒಂದು ವಸ್ತುವಿನ ಮುಂದೆ ಕೈ ತಾನಾಗಿ ಮುಗಿಯುತ್ತದೆ. ಅದು ಕಾಲೇಜಿನ ಪ್ರವೇಶದ ಅರ್ಜಿ. ಈಗ ನೆರೆಮನೆಯ ಮಕ್ಕಳು ಅರ್ಜಿ ತುಂಬಿಸಿಕೊಳ್ಳಲು ನನ್ನಲ್ಲಿಗೆ ಬಂದರೆ ನಾನು ಎದ್ದು ಕೈಕಾಲು ತೊಳೆದುಕೊಂಡು ಬಂದು ಕೂರುತ್ತೇನೆ. ನಗಬೇಡಿ. ಕಾರಣವನ್ನು ಕೇಳಿ.

ಆಗ ನಾನು ಹರಿಹರದ ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಓದುತ್ತಿದ್ದೆ. ನಮ್ಮಪ್ಪನದು ಶೇಂಗಾ ವ್ಯಾಪಾರ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಗಂಡಸರು ಅಂಗಡಿಯ ಲೆಕ್ಕಕ್ಕೆ ಬೇಕಾದಷ್ಟು ಓದಿದ್ದರು, ಹೆಂಗಸರು ಅದೂ ಬೇಡವೆಂದು ಬಿಟ್ಟಿದ್ದರು. ದಾವಣಗೆರೆಯ ಕಾಲೇಜು ಎಂದರೆ ನಮ್ಮ ಪಾಲಿಗೆ ರೈಲಿನ ಕಿಟಕಿಯಿಂದಲೂ ಕಾಣದ ಒಂದು ಲೋಕ. ಆ ಲೋಕದಿಂದ ಒಂದು ದಿನ ನಮ್ಮ ಹೆಡ್ಮಾಸ್ತರರು ಅರ್ಜಿಗಳನ್ನು ತಂದು, ಮೇಜಿನ ಮೇಲಿಟ್ಟು, ಯಾರೂ ಮುಟ್ಟದಂತೆ ಕೈಸನ್ನೆ ಮಾಡಿ, ಬೇಕೆಂದವರು ಎದ್ದು ನಿಲ್ಲಬೇಕೆಂದರು. ನಾನು ಎದ್ದು ನಿಂತೆ. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಹುಡುಗಿಯರಲ್ಲಿ ನಿಂತವಳು ನಾನೊಬ್ಬಳೇ ಎಂಬುದು ಕೂತ ಮೇಲೆ ತಿಳಿಯಿತು.

ಮನೆಯಲ್ಲಿ ಆ ಅರ್ಜಿಗೆ ದೊರೆತ ಗೌರವವನ್ನು ಆಮೇಲೆ ನನ್ನ ಪದವಿಪತ್ರವೂ ಕಾಣಲಿಲ್ಲ. ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿ ಅದನ್ನಿಟ್ಟರು. ದಪ್ಪ ಕಾಗದ, ಕಪ್ಪು ಅಚ್ಚು, ಮನುಷ್ಯನ ಬಗ್ಗೆ ಕೇಳಬಹುದಾದ್ದನ್ನೆಲ್ಲ ಕೇಳುವ ಪ್ರಶ್ನೆಗಳು. ನನ್ನ ಬಗ್ಗೆ ಅಷ್ಟೊಂದು ವಿಷಯಗಳನ್ನು ತಿಳಿದುಕೊಳ್ಳಬೇಕೆಂದು ಜಗತ್ತಿನಲ್ಲಿ ಯಾರಿಗಾದರೂ ಅನ್ನಿಸಿದ್ದು ಅದೇ ಮೊದಲು. ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಪ್ಪ ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿದ್ದ.

"ತಂದೆಯ ಉದ್ಯೋಗ ಏನು ಅಂತ ಕೇಳ್ಯಾರಪ್ಪ."

"ವ್ಯಾಪಾರ ಅಂತ ಬರಿ. ಬ್ಯಾಡ ತಡಿ, ಶೇಂಗಾ ವ್ಯಾಪಾರ ಅಂತ್ಲೇ ಬರಿ. ಬರೇ ವ್ಯಾಪಾರ ಅಂದ್ರೆ ಏನ್ ತಿಳ್ಕಂತಾರೋ ಏನೋ."

"ಮೈಮೇಲಿನ ಗುರುತು?"

ಅಷ್ಟರವರೆಗೆ ಗೋಡೆಗೊರಗಿ ಕೇಳುತ್ತಿದ್ದ ಅಜ್ಜಿ ಇಲ್ಲಿ ಎದ್ದು ಕೂತಳು. "ಅದ್ಯಾಕ ಬೇಕಂತೆ ಅವ್ರಿಗೆ? ಕೂಸು ತಪ್ಪಿಸ್ಕಂಡ್ರೆ ಹುಡುಕಾಕಾ? ಹುಡುಗ್ರನ್ನ ಕಳ್ಕಂಬೋ ಅಂಥ ಸಾಲಿಗೆ ಯಾಕ ಕಳಿಸ್ತೀಯೋ?"

ಅಜ್ಜಿಯ ಆಕ್ಷೇಪಕ್ಕೆ ಒಂದು ಹಿನ್ನೆಲೆಯಿತ್ತು. ಲೋಕಿಕೆರೆಯ ಒಂದು ಒಳ್ಳೆಯ ಮನೆತನದವರು, ಹೊಲಮನೆ ಉಳ್ಳವರು, ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಅಪ್ಪ ಎರಡೂ ಕಡೆ ಮಾತು ಕೊಡುವ ವ್ಯಾಪಾರಿಯಲ್ಲ. ಅವನು ಎಲ್ಲರೆದುರು ತೀರ್ಪು ಹೇಳಿಬಿಟ್ಟಿದ್ದ: "ಸೀಟು ಸಿಕ್ರೆ ಕಾಲೇಜು. ಸಿಗ್ಲಿಲ್ಲಾಂದ್ರೆ ಆಷಾಢ ಹಿಡಿಯೋದ್ರಾಗೆ ಲೋಕಿಕೆರೆಯವ್ರನ್ನ ಕರೆಸ್ತೀನಿ. ಆಮ್ಯಾಲೆ ಯಾರೂ ನನ್ನ ಅನ್ನಬಾರ್ದು." ಹೀಗೆ ನನ್ನ ಮುಂದಿನ ಬದುಕು ಒಂದು ಹಾಳೆಯ ಮೇಲೆ ನಿಂತಿತು. ಲೋಕಿಕೆರೆಯ ಆ ಹುಡುಗನ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ; ಅವನನ್ನು ನಾನು ಕಂಡೇ ಇರಲಿಲ್ಲ. ನನ್ನನ್ನು ಕೇಳದೆ ನಿಗದಿಯಾಗುವ ಆಷಾಢದ ಮೇಲೆ ಮಾತ್ರ ನನಗೆ ಸಿಟ್ಟಿತ್ತು.

ಫಲಿತಾಂಶ ಪತ್ರಿಕೆಯಲ್ಲಿ ಬಂತು, ನಾನು ಪಾಸಾಗಿದ್ದೆ. ಅಂಕಪಟ್ಟಿಯನ್ನೂ ಸೇರಿಸಿ ಅರ್ಜಿಯನ್ನು ಅಂಚೆಗೆ ಹಾಕಿ ಎಂದು ಹೆಡ್ಮಾಸ್ತರರು ಹೇಳಿದ್ದರು. ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. "ಕೂಗಳತೆಯಾಗಿರೋ ಊರಿಗೆ ಟಪಾಲಿನಾಗೆ ಕಳಿಸಿದ್ರೆ ಏನು ಮರ್ಯಾದಿ? ನಾಳೆ ಅವ್ರು ಮನಸ್ನಾಗೆ ಇಟ್ಕಂತಾರೆ." ಅಪ್ಪ ತನ್ನ ಜೀವಮಾನದಲ್ಲಿ ಇನ್ನೊಬ್ಬರ ಬಾಗಿಲಿಗೆ ಕೈಯಾರೆ ಒಯ್ದು ಕೊಟ್ಟ ಕಾಗದವೆಂದರೆ ಒಂದೇ ಬಗೆಯದು, ಮದುವೆಯ ಕರೆಯೋಲೆ. ಕಾಗದ ಕೊಡುವ ಕ್ರಮವೆಂದರೆ ಅವನಿಗೆ ಗೊತ್ತಿದ್ದದ್ದು ಅದೇ. ಆದ್ದರಿಂದ ಅರ್ಜಿಯನ್ನು ಉದ್ದನೆಯ ಲಕೋಟೆಯಲ್ಲಿಟ್ಟು ಅಂಟಿಸಿದ. ಒಬ್ಬರೇ ಹೋಗಬಾರದೆಂದು ಪಕ್ಕದ ಬಟ್ಟೆಯಂಗಡಿಯ ಶಿವಣ್ಣಮಾವನನ್ನು ಜೊತೆಗೆ ಕರೆದ. ಇಬ್ಬರೂ ಕಚ್ಚೆಪಂಚೆ, ಉದ್ದ ಕೋಟು, ರುಮಾಲು, ಹೆಗಲಿಗೊಂದು ಶಾಲು ಧರಿಸಿ ನಿಂತರು. ಹೊರಡುವ ಹೊತ್ತಿಗೆ ಅಜ್ಜಿ, "ಹೊಸಾ ಕಾಗ್ದ ಬೋಳಾಗಿ ಹೊಸ್ತಿಲು ದಾಟಬಾರ್ದು" ಎಂದು ಲಕೋಟೆಯನ್ನು ಕಿತ್ತುಕೊಂಡು ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ, ನಡುವೆ ಕುಂಕುಮದ ಬೊಟ್ಟಿಟ್ಟು ಕೊಟ್ಟಳು. ಕಾಲೇಜು ಬೇಡವೆನ್ನುತ್ತಿದ್ದ ಅಜ್ಜಿಯೇ ಹೀಗೆ ಹರಸಿದ್ದನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಆ ಲಕೋಟೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಕಾಲೇಜಿನವರು ತೆರೆದು ನೋಡದೆಯೇ ಸೀಟು ಕೊಡುತ್ತಾರೆಂದು ನಾನು ನಂಬಿದೆ. ತೆರೆದು ನೋಡುವುದಿಲ್ಲ ಎಂಬಷ್ಟು ಭಾಗ ನಿಜವಾಯಿತು.

ಸಂಜೆಯ ರೈಲಿಗೆ ಅಪ್ಪ ಸಂತೋಷದಿಂದ ಮರಳಿದ. "ಗುಮಾಸ್ತ್ರು ಭಾಳ ಒಳ್ಳೇರು. ಕೆಲಸದ ಗದ್ಲದಾಗೂ ಎದ್ದು ನಿಂತು ಎರಡೂ ಕೈಲಿ ಇಸ್ಕಂಡ್ರು. 'ದೊಡ್ಡೋರು ತಾವು ಮನಸ್ಸು ಮಾಡ್ಬೇಕ್ರಿ, ತಪ್ಪಿಸಬಾರ್ದು' ಅಂದೆ. 'ಎಲ್ಲಾದ್ರೂ ಉಂಟಾ ಯಜಮಾನ್ರೇ, ಖಂಡಿತ ಬರ್ತೀನ್ರಿ' ಅಂದ್ರು."

ಗುಮಾಸ್ತರು ಎಲ್ಲಿಗೆ ಬರುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅಷ್ಟು ದೊಡ್ಡ ಕಾಲೇಜಿನವರು ಬರುತ್ತೇನೆಂದದ್ದೇ ಸಾಕು ಎಂಬಂತೆ ಅವ್ವ ಹಿತ್ತಲಿನ ಬಾಗಿಲಿಗೂ ಸುಣ್ಣ ಹೊಡೆಸಿದಳು.

ಪಟ್ಟಿ ಹಾಕುವ ದಿನ ನಾನೂ ಅಪ್ಪನೂ ದಾವಣಗೆರೆಗೆ ಹೋದೆವು. ಹತ್ತಿಯ ಗಿರಣಿಗಳ ಹೊಗೆಕೊಳವೆಗಳನ್ನು ನಾನು ಮೊದಲೇ ಕಂಡಿದ್ದೆ. ಎತ್ತರವೆಂದರೆ ಅದೇ ಎಂದುಕೊಂಡಿದ್ದೆ. ಕಾಲೇಜು ಅಷ್ಟು ಎತ್ತರವಿರಲಿಲ್ಲ, ಆದರೂ ಅದನ್ನು ನೋಡಲು ನಾನು ಹೆಚ್ಚು ತಲೆಯೆತ್ತಬೇಕಾಯಿತು. ಕಂಬಗಳ ಸಾಲು, ತಣ್ಣನೆಯ ನೆಲ, ಎಲ್ಲೋ ಒಳಗೆ ಗಾಜಿನ ಸೀಸೆಗಳು ತಾಗಿದ ಸದ್ದು. ಪುಸ್ತಕ ಹಿಡಿದು ನಡೆದುಹೋದ ಒಬ್ಬರು ಬಾಯಲ್ಲಿ ಏನನ್ನೋ ಗುನುಗುತ್ತಿದ್ದರು. ಅದು ಮಂತ್ರವಲ್ಲ, ಗಣಿತ. ನಾನು ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟೆ. ಅಪ್ಪನೂ ಬಿಟ್ಟ. ಹಾಗೆ ಬಿಡಬೇಕಾಗಿಲ್ಲವೆಂದು ಜವಾನ ಹೇಳಿದ ಮೇಲೂ ನಮಗೆ ಮೆಟ್ಟಿಕೊಳ್ಳಲು ಮನಸ್ಸಾಗಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಸೀಟು ಸಿಗದವರ ಪಟ್ಟಿಯೊಂದಿತ್ತು, ಅದರಲ್ಲೂ ಇರಲಿಲ್ಲ. ಬಂದ ಅರ್ಜಿಗಳ ಲೆಕ್ಕದಲ್ಲೇ ನಾನು ಇರಲಿಲ್ಲ. ಸೋಲಲಿಕ್ಕೂ ಅವಕಾಶ ಕೊಡದ ಈ ಅನ್ಯಾಯ ನನ್ನ ನೆತ್ತಿಗೇರಿತು.

"ಹೋಗ್ಲಿ ಬಿಡವ್ವ," ಎಂದ ಅಪ್ಪ ಮೆಲ್ಲಗೆ. "ಲೋಕಿಕೆರೆಯವ್ರೂ ಒಳ್ಳೆ ಮಂದಿ."

ಆ ಮೃದುವಾದ ಮಾತೇ ನನ್ನನ್ನು ಕಚೇರಿಯೊಳಕ್ಕೆ ನುಗ್ಗಿಸಿತು. "ನನ್ನ ಅರ್ಜಿ ಎಲ್ಲಿ? ನಮ್ಮಪ್ಪ ಕೈಯಾರೆ ತಂದು ಕೊಟ್ಟಾರೆ. ಇದಕ್ಕೆ ಹೊಣೆ ಯಾರು?" ಎಂದು ಕೂಗಿದೆ. ಹದಿನಾರು ವರ್ಷದ ಹುಡುಗಿ, ಎರಡು ಜಡೆ, ಬರಿಗಾಲು. ಕಚೇರಿಯ ಲೇಖನಿಗಳೆಲ್ಲ ನಿಂತವು. ಹಿರಿಯ ಗುಮಾಸ್ತರಾದ ಮುರಿಗೆಪ್ಪನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಹಿಂದೆ ನಿಂತಿದ್ದ ಅಪ್ಪನನ್ನು ಕಂಡು, ತಟ್ಟನೆ ಕೈಮುಗಿದು ಎದ್ದರು.

"ಬರ್ರಿ ಯಜಮಾನ್ರೇ, ಕೂಡ್ರಿ. ತಪ್ಪು ತಿಳ್ಕಬ್ಯಾಡ್ರಿ, ಆವತ್ತು ಬರಬೇಕಂತ್ಲೇ ಇದ್ದೆ, ಈ ಅಡ್ಮಿಷನ್ ಗದ್ಲದಾಗೆ ಆಗ್ಲಿಲ್ಲ. ಮದಿವಿ ಚೆಂದಾಗಿ ಆತೇನ್ರಿ?"

"ಯಾರ ಮದಿವಿ?" ಎಂದ ಅಪ್ಪ.

"ನಿಮ್ಮ ಮಗಳ ಮದಿವಿ, ಇನ್ಯಾರದು?"

"ನನ್ನ ಮಗಳು ಇವ್ಳೇ ಅಲ್ಲೇನ್ರಿ."

ಮುರಿಗೆಪ್ಪನವರು ನನ್ನ ಕೊರಳನ್ನು ನೋಡಿದರು, ಕಾಲ್ಬೆರಳುಗಳನ್ನು ನೋಡಿದರು. ತಾಳಿಯಿಲ್ಲ, ಕಾಲುಂಗುರವಿಲ್ಲ. ಅವರ ಮುಖ ಬಿಳಿಚಿತು. ಗೋಡೆಯ ಮೊಳೆಯಿಂದ ತೂಗುಬಿದ್ದಿದ್ದ ತಂತಿಯತ್ತ ನಡೆದರು. ಆ ಬೇಸಗೆಯಲ್ಲಿ ದಾವಣಗೆರೆ ಸೀಮೆಯಲ್ಲಿ ನಡೆದ ಸಮಸ್ತ ಮದುವೆ, ಗೃಹಪ್ರವೇಶಗಳ ಕರೆಯೋಲೆಗಳೂ ಅದರಲ್ಲಿ ಚುಚ್ಚಿಕೊಂಡಿದ್ದವು. ನಡುವಿನಲ್ಲೆಲ್ಲೋ ಒಂದು ಉದ್ದ ಲಕೋಟೆ, ಎಲ್ಲಕ್ಕಿಂತ ಧಾರಾಳವಾದ ಅರಿಶಿಣ, ಕುಂಕುಮದ ಬೊಟ್ಟಿನ ಮೂಲಕವೇ ಹಾದುಹೋದ ತಂತಿ.

ನಮ್ಮ ಮೂವರನ್ನೂ ಪ್ರಿನ್ಸಿಪಾಲರ ಕೋಣೆಗೆ ಕಳಿಸಲಾಯಿತು. ಅವರು ಕರಿಕೋಟಿನ, ಬಿಳಿಗೂದಲಿನ, ಮೆಲುದನಿಯ ಮನುಷ್ಯ. ಅವರ ಹಿಂದಿದ್ದ ಪುಸ್ತಕಗಳನ್ನು ಕಂಡೇ ನನ್ನ ದನಿ ಅರ್ಧ ಇಳಿಯಿತು. ಆದರೂ ಉಳಿದರ್ಧದಲ್ಲಿ ಅದೇ ಪ್ರಶ್ನೆಯನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ನಾನು ಯಾವುದೋ ದೇಶದ ರಾಯಭಾರಿ ಎಂಬಂತೆ ಕೊನೆಯವರೆಗೂ ಕೇಳಿಸಿಕೊಂಡರು. ನನ್ನ ಜೀವನದಲ್ಲಿ ಯಾವ ಗಂಡಸೂ ಅಲ್ಲಿಯವರೆಗೆ ನನ್ನ ಮಾತನ್ನು ಹಾಗೆ ಕೇಳಿರಲಿಲ್ಲ. ಆಮೇಲೆ ಗುಮಾಸ್ತರತ್ತ ತಿರುಗಿ, "ಇವರು ಕಡೆಯ ತಾರೀಖಿನೊಳಗೆ ಕೊಟ್ಟದ್ದು ನಿಜವೇನ್ರಿ?" ಎಂದರು.

ಮುರಿಗೆಪ್ಪನವರು ಇಲ್ಲವೆಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಲಕೋಟೆಯ ಮೇಲೆ ಮುದ್ರೆಯಿರಲಿಲ್ಲ, ಕೇಳುವವರೂ ಇರಲಿಲ್ಲ. ಅವರು ತಲೆ ತಗ್ಗಿಸಿ, "ನಿಜಾರೀ ಸರ್. ನಾನೇ ಕೈಯಾರೆ ಇಸ್ಕಂಡೆ. ಬರ್ತೀನಿ ಅಂತ ಮಾತೂ ಕೊಟ್ಟೆ" ಎಂದರು.

ಪ್ರಿನ್ಸಿಪಾಲರು ಲಕೋಟೆಯನ್ನು ಒಡೆದು ಅರ್ಜಿಯನ್ನು ಹೊರತೆಗೆದರು. ಅರಿಶಿಣ ಅವರ ಬೆರಳಿಗೆ ಹತ್ತಿತು, ಅವರು ಒರೆಸಿಕೊಳ್ಳಲಿಲ್ಲ. "ಕರೆದದ್ದು ಹುಡುಗಿಯ ತಂದೆ, ಒಪ್ಪಿದ್ದು ನಾವು. ಒಪ್ಪಿದ ಮೇಲೆ ತಪ್ಪಿಸಬಾರದು" ಎಂದು ತಂತಿ ಚುಚ್ಚಿದ ತೂತನ್ನು ಬಿಟ್ಟು ಪಕ್ಕದಲ್ಲಿ ಸಹಿ ಮಾಡಿದರು. ಒಂದು ಸಂಸ್ಥೆ ತನ್ನ ತಪ್ಪನ್ನು ಹೀಗೆ ಎದುರಿಗೇ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಎಷ್ಟೋ ಕಚೇರಿಗಳಲ್ಲಿ ಅದಕ್ಕಾಗಿ ಕಾದು ಕುಳಿತಿದ್ದೇನೆ. ಅಂದಿನ ಬೆರಗು ಇನ್ನೂ ನನ್ನಲ್ಲಿ ಇಳಿದಿಲ್ಲ.

ಅಜ್ಜಿ ಎಲ್ಲವನ್ನೂ ಕೇಳಿ, "ನೋಡಿದ್ಯಾ, ಬೋಳಾಗಿ ಹೋಗಿದ್ರೆ ರಾಶಿಯಾಗೆ ರಾಶಿಯಾಗಿ ಬಿದ್ದಿರ್ತಿತ್ತು" ಎಂದಳು. ಮೂಢನಂಬಿಕೆಯ ವಿರುದ್ಧ ನಾನು ಅಂದೇ ಒಂದು ಭಾಷಣ ಮಾಡಿದೆ. ಅವಳು ಕೇಳಲಿಲ್ಲ.

ನಾನು ದಿನವೂ ರೈಲಿನಲ್ಲಿ ಹೋಗಿ ಬಂದು ಪಿ.ಯು.ಸಿ. ಓದಿದೆ. ಪರಸ್ಪರ ಒಪ್ಪಿಗೆಯ ಮೇಲೆ ವಿಜ್ಞಾನವೂ ನಾನೂ ಮುಂದಿನ ವರ್ಷ ಬೇರೆಯಾದೆವು; ನಾನು ಅಲ್ಲೇ ಬಿ.ಎ. ಸೇರಿದೆ. ಕಾಲೇಜು ಬಿಡುವ ಹೊತ್ತಿಗೆ ಮುರಿಗೆಪ್ಪನವರೂ ನಾನೂ ಒಳ್ಳೆಯ ಸ್ನೇಹಿತರಾಗಿದ್ದೆವು. ಕೊನೆಯ ದಿನ ಸರ್ಟಿಫಿಕೇಟು ಕೊಡುತ್ತ ಅವರು ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡವ್ವ. ಆ ವರ್ಷ ಸೀಟು ಸಿಗದೋರ ಪಟ್ಟಿಯಾಗಿದ್ದ ಮೊದಲ್ನೇ ಹುಡುಗನಿಗಿಂತ್ಲೂ ನಿಂದು ಮಾರ್ಕ್ಸು ಕಮ್ಮಿ. ಅರ್ಜಿ ಸರಿಯಾದ ಜಾಗಕ್ಕೆ ಹೋಗಿದ್ರೆ ನಿಂಗೆ ಸೀಟು ಸಿಗ್ತಿರ್ಲಿಲ್ಲ. ಸಾಹೇಬ್ರು ಸಂಕೋಚದಾಗೆ ನೋಡ್ಲಿಲ್ಲ. ನಾನು ನೋಡಿದ್ದೆ, ಸುಮ್ನಾದೆ."

ಅಂದು ಆ ಮೆಟ್ಟಿಲುಗಳನ್ನು ನಾನು ಬಹಳ ನಿಧಾನವಾಗಿ ಇಳಿದೆ. ನನ್ನ ವಿದ್ಯೆ, ನನ್ನ ಪದವಿ, ನನ್ನ ಈ ಲೇಖನಿಯ ಚುರುಕು, ಎಲ್ಲವೂ ಒಂದು ಸರ್ಕಾರಿ ಶೈಲಿಯ ಅಜಾಗರೂಕತೆಯ ಫಲ. ಆ ಅಜಾಗರೂಕತೆಯ ಬಗ್ಗೆ ನಾನು ಇಂದಿಗೂ ಯಾವ ಪತ್ರಿಕೆಗೂ ಬರೆದಿಲ್ಲ. ನನಗಿಂತ ಹೆಚ್ಚು ಅಂಕ ಪಡೆದೂ ಆ ವರ್ಷ ಸೀಟು ಸಿಗದೆ ಮರಳಿದ ಹುಡುಗನೊಬ್ಬ ಈ ಸೀಮೆಯಲ್ಲಿ ಎಲ್ಲೋ ಇದ್ದಾನೆ. ಬಾಗಿಲ ಬಳಿ ಅಪರಿಚಿತರ ದನಿ ಕೇಳಿದಾಗಲೆಲ್ಲ ನಾನು ಒಂದು ಕ್ಷಣ ಅಂಜುತ್ತೇನೆ. ಅವನು ನನ್ನಂಥ ಸ್ವಭಾವದವನಾಗಿರದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ.