ಎವರಿಸ್ತುವಿನ ಮಂಡಿ

ಬೆಳಗ್ಗೆ ಏಳು ಗಂಟೆಗೆ ಎವರಿಸ್ತು ಕಣ್ಣು ಬಿಡುವಷ್ಟರಲ್ಲಿ ಅವನ ವಿಡಿಯೊವನ್ನು ಆರು ಲಕ್ಷ ಜನ ನೋಡಿಯಾಗಿತ್ತು.

ಅದರಲ್ಲಿದ್ದದ್ದು ಇಷ್ಟೆ. ಮೊಂಡೆಗು ನದಿಯಲ್ಲಿ ಕನೂ ಎಂಬ ಕಿರುದೋಣಿಗಳ ಓಟ ಮುಗಿದಿದೆ. ಉಳಿದವರು ದಡ ಸೇರಿದ್ದಾರೆ. ಎವರಿಸ್ತು ಮಾತ್ರ ದೋಣಿಯಲ್ಲಿ ಮಂಡಿಯೂರಿ, ತಲೆ ತಗ್ಗಿಸಿ, ತುಟಿ ಅಲ್ಲಾಡಿಸುತ್ತಿದ್ದಾನೆ. ಕನೂವನ್ನು ನಡೆಸುವುದೇ ಒಂದು ಮಂಡಿಯೂರಿ. ಅವತ್ತು ಕಾಲು ಸೆಟೆದು ಏಳಲಾಗದೆ, ಸೋರುವ ಹಳೇ ದೋಣಿಗೆ ಅವನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಯಾರೋ ಪುಣ್ಯಾತ್ಮರು ಕೆಳಗೆ 'ನಾಲ್ಕನೇ ಸ್ಥಾನ ಬಂದರೂ ದೇವಮಾತೆಗೆ ಪ್ರಾರ್ಥನೆ ತಪ್ಪಿಸದ ಹುಡುಗ' ಎಂದು ಬರೆದಿದ್ದರು.

ಎವರಿಸ್ತು ತಿದ್ದಲು ಹೋಗಲಿಲ್ಲ. ದೇಶದ ಅತಿ ಜನಪ್ರಿಯ ಕನೂ ಪಟುವಿಗೆ ದೋಣಿ ಕಂಪನಿಯೊಂದು ಹೊಸ ದೋಣಿ ಕೊಡಲಿತ್ತು. ಆನ್‌ಲೈನ್ ಮತದಾನಕ್ಕೆ ಅಂದು ಸಂಜೆಯೇ ಕೊನೆ. ಶನಿವಾರ ರಾಷ್ಟ್ರೀಯ ತಂಡದ ಆಯ್ಕೆ. ಹಳೇ ದೋಣಿಯಲ್ಲಿ ಹೋದರೆ ಆಯ್ಕೆಗಾರರಿಗೆ ಕಾಣುವುದು ಅವನು ನೀರು ಎತ್ತಿ ಹೊರಹಾಕುವ ಕೈಚಳಕ ಮಾತ್ರ.

ಕೆಫೆಗೆ ಹೋಗಿ ವೋಟು ಕೇಳಿದ. ಪಕ್ಕದ ಮನೆಯ ಗ್ರಾಸಿಯೆಟ್ ಕಾಫಿ ಕೆಳಗಿಟ್ಟಳು.

"ಹಾಕ್ತೀನಪ್ಪ. ಸೊಂಟನೋವು ಹೋದ್ರೆ ಇಗರ್ಜಿ ಸುತ್ತ ಮಂಡಿ ಮೇಲೆ ಒಂದು ಸುತ್ತು ಬರ್ತೀನಿ ಅಂತ ಮಾತೆಗೆ ಹರಕೆ ಹೊತ್ತಿದ್ದೆ. ಸೊಂಟ ಸರಿಹೋಯ್ತು, ಮಂಡಿ ಕೆಡ್ತು. ನೀನು ಹೆಂಗೂ ಮಂಡಿ ಊರೋನೇ, ನನ್ನ ಪರವಾಗಿ ಹಾಕಿಬಿಡು."

"ಹರಕೆ ನಿಮ್ಮದು, ಮಂಡಿ ನನ್ನದಾ ಅತ್ತೆ?"

"ಪುಣ್ಯ ಅರ್ಧರ್ಧ. ನಮ್ಮನೇಲಿ ಐದು ಫೋನಿದೆ, ನೋಡು."

ಎವರಿಸ್ತು ಸುತ್ತು ಹಾಕಿದ. ಮುಗಿಸಿ ಏಳುವಾಗ ಕೆಫೆ ನಡೆಸುವ ಬೆಲ್ಮೀರು ಎದುರು ನಿಂತಿದ್ದ.

"ಮಗಳು ಡ್ರೈವಿಂಗ್ ಪಾಸಾಗಲಿ ಅಂತ ನಂದೂ ಒಂದು ಹರಕೆ ಇತ್ತು ಕಣೋ."

"ಪಾಸಾದ್ಲಾ?"

"ಏಳನೇ ಸಲಕ್ಕೆ. ಪ್ರತಿ ಸಲಾನೂ ಒಂದೊಂದು ಹೊತ್ತಿದ್ದೆ."

ಮಧ್ಯಾಹ್ನದ ಹೊತ್ತಿಗೆ ಸಾರ್ಡೀನ್ ಮೀನು ಸುಡುವ ಒಲೆಯ ಮುಂದೆ ನಿಲ್ಲುವಂತೆ ಇಗರ್ಜಿಯ ಮುಂದೆ ಜನ ತಮ್ಮ ತಮ್ಮ ಬಾಕಿ ಹರಕೆ ಹಿಡಿದು ಸಾಲುಗಟ್ಟಿದ್ದರು. ಪಾದ್ರಿಯೂ ಹೊರಬಂದರು. "ಗೋಡೆಗೆ ಇನ್ನೂ ಸ್ವಲ್ಪ ಒತ್ತಿಕೊಂಡು ಬಾ ಮಗೂ," ಎಂದರು, "ಅಲ್ಲಿ ಪಾಚಿ ಕಟ್ಟಿದೆ, ಉಜ್ಜಿ ಹೋಗಲಿ."

ಪ್ರತಿ ಸುತ್ತೂ ಯಾರದಾದರೂ ಫೋನಿನಲ್ಲಿ ವಿಡಿಯೊ ಆಯಿತು. ಮತಗಳ ಜೊತೆ ಮಂಡಿಗಳೂ ಉಬ್ಬಿದವು. ಸಂಜೆ ಫಲಿತಾಂಶ ಬಂದಾಗ ಎವರಿಸ್ತು ಗೆದ್ದಿದ್ದ, ನಿಲ್ಲಲು ಮಾತ್ರ ಇಬ್ಬರು ಹಿಡಿದುಕೊಳ್ಳಬೇಕಿತ್ತು.

ಕಂಪನಿಯ ವ್ಯಾನು ಹತ್ತಿರದ ಕೊಯಿಂಬ್ರದಿಂದ ಆಗಲೇ ಬಂತು. ಹೊದಿಕೆ ತೆಗೆದರು. ದೋಣಿ ಹೊಸ ಚಾಕುವಿನಂತೆ ಹೊಳೆಯಿತು. ಅದರ ನಡುವೆ ಒಂದು ಸೀಟು ಇತ್ತು.

"ಇದು ಕಯಾಕು," ಎಂದ ಎವರಿಸ್ತು. "ಕೂತು ನಡೆಸೋದು. ನಾನು ಕನೂದವನು."

"ನಮ್ಮ ಭಾಷೇಲಿ ಎರಡು ಆಟಕ್ಕೂ ಕನೂ ಅಂತಾನೇ ಅಲ್ವಾ ಸಾರ್ ಅನ್ನೋದು?" ಎಂದ ಕಂಪನಿಯವನು. "ಸ್ಪರ್ಧೆಯ ನಿಯಮದಲ್ಲೂ ಹಾಗೇ ಇದೆ."

ಗ್ರಾಸಿಯೆಟ್ ಸೀಟನ್ನು ಒತ್ತಿ ನೋಡಿದಳು. "ಬೇಜಾರು ಮಾಡ್ಕೋಬೇಡ ಮಗ. ಮಾತೆ ನಿನ್ನ ಮಂಡಿ ನೋಡೇ ಕಳಿಸಿರೋದು."

ಶನಿವಾರಕ್ಕೂ ಮಂಡಿ ಮಡಚಲಿಲ್ಲ. ರಾಷ್ಟ್ರೀಯ ತಂಡದ ಆಯ್ಕೆಯನ್ನು ಎವರಿಸ್ತು ದಡದಲ್ಲಿ ಕುರ್ಚಿ ಹಾಕಿಕೊಂಡು ನೋಡಿದ.