ಎಲ್ಲರೂ ಕೊನೆಯಲ್ಲೇ ಹಾಡತಕ್ಕದ್ದು

ದುರ್ಗಿಗುಡಿಯ ಬೇಸಿಗೆ ಶಾಸ್ತ್ರೀಯ ಸಂಗೀತ ಶಿಬಿರದ ಸಮಾರೋಪದಲ್ಲಿ, ತಮ್ಮ ಮಗು ಹಾಡಿ ಮುಗಿಸಿದ ಕೂಡಲೇ ಮನೆಯವರೆಲ್ಲ ಎದ್ದು ಹೋಗುವ ಪದ್ಧತಿ ಶಿಬಿರ ಹುಟ್ಟಿದಾಗಿನಿಂದ ಜಾರಿಯಲ್ಲಿದೆ. ಮಗು ಕೊನೆಯ ಸಾಲಿಗೆ ಬಂದಾಗಲೇ ಅಜ್ಜಿ ಚಪ್ಪಲಿ ಹುಡುಕುತ್ತಾರೆ, ಅಪ್ಪ ಸ್ಕೂಟರ್ ಕೀ ತೆಗೆಯುತ್ತಾರೆ. ಬೇರೆಯವರ ಮಕ್ಕಳನ್ನು ಕೇಳಬಾರದೆಂದೇನೂ ಇಲ್ಲ, ಕೇಳಿದವರಿಲ್ಲ, ಅಷ್ಟೇ.

ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬಂದು ಕಲಿಯುವ ತನುಜಾಳ ಸರದಿ ಹೋದ ವರ್ಷ ಎಲ್ಲರಿಗಿಂತ ಕೊನೆಗೆ ಬಂತು. ಕೇಳಲು ಉಳಿದವರು ಅಮ್ಮ ವೀರಮ್ಮ ಮತ್ತು ಮೈಕ್‌ಸೆಟ್ಟಿನ ಲತೀಫ್. ಲತೀಫ್ ವೈರು ಸುತ್ತುತ್ತಲೇ ಪೂರ್ತಿ ಕೇಳಿದ.

“ಭಾರಿ ಚೆನ್ನಾಗಿ ಹಾಡ್ತೀಯಮ್ಮ. ಆ ಮೈಕ್ ಒಂಚೂರು ಈ ಕಡೆ ಕೊಡು.”

ಈ ವರ್ಷ ಅವಳಿಗೆ ಇದ್ದದ್ದು ಒಂದೇ ಆಸೆ: ತುಂಬಿದ ಸಭೆಯೆದುರು ಒಮ್ಮೆ ಹಾಡಬೇಕು. ಮಾತಿಗೆ ನಾಚುವ ಹುಡುಗಿ. ಕಾರ್ಯದರ್ಶಿ ಶ್ರೀನಿವಾಸಮೂರ್ತಿಗಳ ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದು, ಕೊನೆಗೊಮ್ಮೆ ಒಳಗೆ ಹೋಗಿಯೇಬಿಟ್ಟಳು.

“ಸರ್, ಈ ಸಲ ಜನ ಇರೋವಾಗ ಹಾಡ್ಬೋದಾ?”

ಬೇಡಿಕೆ ನ್ಯಾಯಯುತವೆಂದು ಕಂಡುಬಂದದ್ದರಿಂದ ‘ಶ್ರವಣ ಉಪಸಮಿತಿ’ ರಚನೆಯಾಯಿತು. ಹಲವು ಸುತ್ತು ಉಪ್ಪಿಟ್ಟು ಕಾಫಿಯ ನಂತರ ಅದು ಒಂದು ಸತ್ಯವನ್ನು ಕಂಡುಹಿಡಿಯಿತು: ಕೊನೆಯಲ್ಲಿ ಹಾಡುವ ಮಗುವಿನ ಪೋಷಕರು ಮಾತ್ರ ಕೊನೆಯವರೆಗೂ ಕೂರುತ್ತಾರೆ. ವೀರಮ್ಮನವರೇ ಇದಕ್ಕೆ ಜೀವಂತ ಸಾಕ್ಷಿ. ಮರುದಿನ ಪ್ರಕಟಣೆ ಹೊರಬಿತ್ತು:

“ಶ್ರೋತೃಗಳ ಹಾಜರಾತಿಯ ಹಿತದೃಷ್ಟಿಯಿಂದ, ಪ್ರಸಕ್ತ ಸಾಲಿನ ಸಮಾರೋಪದಲ್ಲಿ ಪ್ರತಿಯೊಬ್ಬ ಶಿಬಿರಾರ್ಥಿಯೂ ಕಡ್ಡಾಯವಾಗಿ ಎಲ್ಲರಿಗಿಂತ ಕೊನೆಯಲ್ಲಿ ಹಾಡತಕ್ಕದ್ದು. ಮೊದಲು ಹಾಡುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.”

ಪೋಷಕರಿಗೆ ಖುಷಿಯೋ ಖುಷಿ. ಆಯನೂರಿನ ಜಂಬಣ್ಣ ಒಂದು ಟೆಂಪೋ ತುಂಬ ನೆಂಟರನ್ನು ಕರೆತಂದರು.

“ನಮ್ಮ ಶ್ರೇಯಸ್ ಕೊನೇಲಿ ಅಂತೆ ಮಾರಾಯ! ದೊಡ್ಡ ವಿದ್ವಾಂಸರ ಜಾಗ!”

“ನಮ್ಮ ಸುಮನಾನೂ ಕೊನೇಲೇ,” ಎಂದರು ಪಕ್ಕದ ಕುರ್ಚಿಯವರು. ಇಬ್ಬರೂ ಕೈ ಕುಲುಕಿಕೊಂಡರು.

ಸಭಾಂಗಣ ಮೆಟ್ಟಿಲವರೆಗೂ ತುಂಬಿತು. ತಂಬೂರಿ ಶುರುವಾಯಿತು. ಮುಖ್ಯ ಅತಿಥಿ ವಿದ್ವಾನ್ ಗಣಪಯ್ಯನವರು ಕಣ್ಣು ಮುಚ್ಚಿದರು. ಯಾರೂ ಹಾಡಲಿಲ್ಲ. ಆದ್ದರಿಂದ ಯಾರೂ ಏಳಲೂ ಇಲ್ಲ. ಗಂಟೆ ಉರುಳಿದರೂ ಒಂದು ಕುರ್ಚಿ ಅಲುಗಲಿಲ್ಲ. ಶ್ರೀನಿವಾಸಮೂರ್ತಿಗಳು ಕಣ್ಣೊರೆಸಿಕೊಂಡು, “ಇದಪ್ಪ ಶಿಸ್ತು ಅಂದ್ರೆ!” ಎಂದರು.

ತನುಜಾ ಅಷ್ಟು ತಲೆಗಳನ್ನು ಒಟ್ಟಿಗೆ ಕಂಡವಳೇ ಅಲ್ಲ. ಕಲಿತ ಕಲ್ಯಾಣಿ ರಾಗದ ವರ್ಣ ಗಂಟಲಲ್ಲಿ ತುದಿಗಾಲಲ್ಲಿ ನಿಂತಿತ್ತು. ಅವಳು ಎದ್ದಳು.

“ಸರ್... ನಾನು ಮೊದಲು ಹಾಡ್ಲಾ?”

ಸಭೆ ಗಕ್ಕನೆ ಅವಳ ಕಡೆ ತಿರುಗಿತು. ಶ್ರೀನಿವಾಸಮೂರ್ತಿಗಳಿಗೆ ಸಿಟ್ಟು ಬರಲಿಲ್ಲ, ನೋವಾಯಿತು.

“ಅಲ್ಲಮ್ಮ, ನೀನು ಕೇಳಿದ್ದಕ್ಕೇ ಅಲ್ವಾ ಈ ನಿಯಮ ಮಾಡಿದ್ದು?”

ವೀರಮ್ಮ ಮಗಳ ದುಪಟ್ಟಾ ಹಿಡಿದು ಜಗ್ಗಿದರು. “ಕೂತ್ಕೊಳೇ ಮಾರಾಯ್ತಿ! ನೀನು ಹಾಡಿ ಮುಗಿಸಿದ್ರೆ ನಾವೆಲ್ಲ ಎದ್ದು ಹೋಗ್ಬೇಕಾಗುತ್ತೆ. ನಿಮ್ಮ ದೊಡ್ಡಪ್ಪ ಇದೇ ಮೊದಲ್ನೇ ಸಲ ನಿನ್ನ ಹಾಡು ಕೇಳೋಕೆ ಬಂದಿರೋದು. ಕೂತು ಕೇಳ್ಲಿ ಪಾಪ.”

ದೊಡ್ಡಪ್ಪ ನಿಜಕ್ಕೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತನುಜಾ ಕೂತಳು.

ಸಭಾಂಗಣದ ಅವಧಿ ಮುಗಿದಾಗ ತಂಬೂರಿ ನಿಂತಿತು. ಚಪ್ಪಾಳೆ ಸೂರಿಗೆ ಬಡಿಯಿತು. ‘ಕೊನೆಯಲ್ಲಿ ಹಾಡಿ ಶಿಬಿರಕ್ಕೆ ಕೀರ್ತಿ ತಂದಿದ್ದಾರೆ’ ಎಂಬ ಪ್ರಮಾಣಪತ್ರವನ್ನು ಗಣಪಯ್ಯನವರೇ ಒಬ್ಬೊಬ್ಬರಿಗೂ ಕೊಟ್ಟರು. ತನುಜಾಳ ಕೈಗೆ ಕೊಡುವಾಗ ಒಂದು ಕ್ಷಣ ತಡೆದರು.

“ಕಲ್ಯಾಣಿ ಚೆನ್ನಾಗಿತ್ತು ಮಗು. ಮೇಲಿನ ಷಡ್ಜದ ಹತ್ರ ಮಾತ್ರ ಒಂಚೂರು ಅವಸರ ಮಾಡ್ಬಿಟ್ಟೆ.”

ತನುಜಾ ಸಭೆಯ ಕಡೆ ನೋಡಿದಳು. ಎಲ್ಲರೂ ಅಲ್ಲೇ ಇದ್ದರು. ಹೌದು ಹೌದೆಂದು ತಲೆಯಾಡಿಸುತ್ತಿದ್ದರು.

“ಹೌದು ಸರ್,” ಎಂದಳು ಮೆಲ್ಲಗೆ. “ಅಲ್ಲಿ ಉಸಿರು ಸಾಲ್ಲಿಲ್ಲ.”